ಸುಜಾನ್ ಲೆಂಗ್ಲೆನ್

ಸುಜಾನ್ ಲೆಂಗ್ಲೆನ್ (24 ಮೇ 1899 – 4 ಜುಲೈ 1938) ಫ್ರಾನ್ಸ್ ದೇಶದ ಟೆನಿಸ್ ಆಟಗಾರ್ತಿ. ವಿಂಬಲ್ಡನ್ ಪಂದ್ಯಾವಳಿಯ ಮಹಿಳೆಯರ ಸಿಂಗಲ್ಸ್ ಪ್ರಶಸ್ತಿಯನ್ನು ಇವರು ಆರು ಬಾರಿ ಗೆದ್ದರು: 1919ರಿಂದ 1923ರವರೆಗೆ ಸತತವಾಗಿ ಐದು ಸಲ, ಮತ್ತೆ 1925ರಲ್ಲಿ ಒಮ್ಮೆ. ಮೊದಲನೆಯ ಮಹಾಯುದ್ಧದ ನಂತರದ ಹವ್ಯಾಸಿ ಆಟದಲ್ಲಿ, ಅಂಗಳಕ್ಕಿಳಿದು ಆಡಿದ ಸಿಂಗಲ್ಸ್ ಪಂದ್ಯಗಳ ಪೈಕಿ ಇವರು ಸೋತದ್ದು ಒಂದನ್ನು ಮಾತ್ರ. 1926ರಲ್ಲಿ ಹವ್ಯಾಸಿ ಟೆನಿಸ್ ತೊರೆದು ವೃತ್ತಿಪರ ಆಟಗಾರ್ತಿಯಾದರು. ಅಗ್ರ ಶ್ರೇಣಿಯ ಹವ್ಯಾಸಿ ಆಟಗಾರರ ಪೈಕಿ, ಪುರುಷರನ್ನೂ ಸೇರಿಸಿ, ಹಾಗೆ ಮಾಡಿದವರಲ್ಲಿ ಇವರೇ ಮೊದಲಿಗರು.

ಬಾಲ್ಯ ಮತ್ತು ತರಬೇತಿ

ಲೆಂಗ್ಲೆನ್ ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್, ತಾಯಿ ಅನಾಯಿಸ್. ಅವರ ಒಬ್ಬನೇ ತಮ್ಮ ಎಳವೆಯಲ್ಲಿಯೇ ತೀರಿಕೊಂಡನು. ತಂದೆಗೆ ಪಿತ್ರಾರ್ಜಿತವಾಗಿ ಕುದುರೆ ಬಸ್ಸುಗಳ ಕಂಪನಿಯೊಂದು ದೊರೆತಿತ್ತು. ಅದನ್ನು ಮಾರಿದ ಮೇಲೆ ಕುಟುಂಬವು ಕಾಂಪಿಯೆನ್ ಪಟ್ಟಣದ ಸಮೀಪದ ಮಾರೆ-ಸ್ಯುರ್-ಮಾಟ್ಸ್ ಎಂಬ ಹಳ್ಳಿಯಲ್ಲಿ ನೆಲೆಸಿ, ಚಳಿಗಾಲವನ್ನು ಮೆಡಿಟರೇನಿಯನ್ ಕರಾವಳಿಯ ನೀಸ್ ನಗರದಲ್ಲಿ ಕಳೆಯುತ್ತಿತ್ತು. ನೀಸ್‌ನ ಮನೆಯ ಎದುರಿಗೇ ಅಲ್ಲಿನ ಲಾನ್ ಟೆನಿಸ್ ಕ್ಲಬ್ ಇತ್ತು.

ಸುಜಾನ್‌ಗೆ ಚಿಕ್ಕಂದಿನಿಂದಲೂ ಆಸ್ತಮಾ ಇದ್ದಿತು. ಮಗಳ ದೇಹಕ್ಕೆ ವ್ಯಾಯಾಮವಾಗಲೆಂದು ಚಾರ್ಲ್ಸ್ 1910ರ ಬೇಸಿಗೆಯಲ್ಲಿ ಆಕೆಗೆ ಮೊದಲ ರ‍್ಯಾಕೆಟ್ ತಂದುಕೊಟ್ಟರು. ಮಗಳ ಕೈಚಳಕ ಕಂಡೊಡನೆ ಆಟವನ್ನು ವ್ಯವಸ್ಥಿತವಾಗಿ ಕಲಿಸಲು ತೊಡಗಿದರು. ಆ ಕಾಲದ ಮಹಿಳೆಯರು ಹೆಚ್ಚಾಗಿ ಹಿಂಬದಿಯ ಗೆರೆಯ ಬಳಿಯೇ ನಿಂತು ಚೆಂಡನ್ನು ಹಿಂದಿರುಗಿಸುತ್ತಿದ್ದರು. ಪುರುಷರ ಆಟ ಇದಕ್ಕಿಂತ ವೇಗವಾಗಿಯೂ ಆಕ್ರಮಣಕಾರಿಯಾಗಿಯೂ ಇರುವುದನ್ನು ಗಮನಿಸಿದ ಚಾರ್ಲ್ಸ್, ಅದನ್ನೇ ಮಗಳಿಗೆ ಮಾದರಿಯಾಗಿಟ್ಟು, ಪುರುಷ ಆಟಗಾರರೊಡನೆಯೇ ಅಭ್ಯಾಸ ಮಾಡಿಸಿದರು. ಅಂಗಳದಲ್ಲಿ ಕರವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳುವಂತೆ ಹೊಡೆಸುತ್ತಿದ್ದರು. ಲೆಂಗ್ಲೆನ್ ಆಟದ ಹೆಗ್ಗಳಿಕೆಯಾದ ಕರಾರುವಾಕ್ಕಾದ ಹೊಡೆತಗಳ ಮೂಲ ಇಲ್ಲಿದೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ತಂದೆಯ ಶಿಸ್ತು ಬಹಳ ಕಠಿಣವಾಗಿತ್ತು; ತಪ್ಪಾದರೆ ನಾಲ್ಕು ಜನರ ಮುಂದೆಯೇ ಬೈಗುಳ ಬೀಳುತ್ತಿತ್ತು. ಪಂದ್ಯಕ್ಕೆ ಮುನ್ನ ಕಾಡುತ್ತಿದ್ದ ಅತಿಯಾದ ಉದ್ವೇಗ, ಆಟದ ನಡುವೆ ಸೇವಿಸುತ್ತಿದ್ದ ಬ್ರಾಂಡಿ, ಪಂದ್ಯದ ಬಳಿಕ ಉಕ್ಕುತ್ತಿದ್ದ ಅಳು, ಇವು ಕೊನೆಯವರೆಗೂ ಅವರ ಜೊತೆಗಿದ್ದವು.

1914ರಲ್ಲಿ ಫ್ರೆಂಚ್ ಚಾಂಪಿಯನ್‌ಷಿಪ್ ಫೈನಲ್ ತಲುಪಿದ ಸುಜಾನ್, ಮಾರ್ಗರಿಟ್ ಬ್ರೊಕೆದಿ ಎದುರು ಮೂರು ಸೆಟ್‌ಗಳಲ್ಲಿ ಸೋತರು. ಕೆಲವೇ ದಿನಗಳ ತರುವಾಯ ಸೇಂಟ್-ಕ್ಲೂನಲ್ಲಿ ನಡೆದ ವಿಶ್ವ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್ ಪ್ರಶಸ್ತಿಯನ್ನು ಗೆದ್ದಾಗ ಅವರಿಗೆ ಹದಿನೈದು ವರ್ಷ. ಅದೇ ವರ್ಷ ಮಹಾಯುದ್ಧ ಆರಂಭವಾಗಿ ಪ್ರಮುಖ ಪಂದ್ಯಾವಳಿಗಳು ನಿಂತುಹೋದವು. ಯುದ್ಧದ ವರ್ಷಗಳನ್ನು ಅವರು ನೀಸ್‌ನಲ್ಲಿ, ವಿಶ್ರಾಂತಿಗೆಂದು ಅಲ್ಲಿಗೆ ಬರುತ್ತಿದ್ದ ಸೈನಿಕರೊಡನೆಯೂ ಅಭ್ಯಾಸ ಮಾಡುತ್ತ ಕಳೆದರು.

1919ರ ವಿಂಬಲ್ಡನ್

1919ರಲ್ಲಿ ಲೆಂಗ್ಲೆನ್ ಮೊದಲ ಬಾರಿಗೆ ವಿಂಬಲ್ಡನ್‌ಗೆ ಬಂದರು. ಹುಲ್ಲಿನ ಅಂಗಳದಲ್ಲಿ ಅವರು ಆಡಿದ ಮೊದಲ ಪಂದ್ಯಾವಳಿಯೂ ಅದೇ. ಹಿಂದಿನ ವರ್ಷದ ವಿಜೇತೆ ಕಾದು ಕುಳಿತು, ಉಳಿದವರೆಲ್ಲರನ್ನೂ ಗೆದ್ದು ಬಂದವರೊಡನೆ ಮಾತ್ರ ಆಡುವ ಪದ್ಧತಿ ಆಗಿತ್ತು. ಹಾಗೆ ಕಾದಿದ್ದವರು ಏಳು ಬಾರಿಯ ವಿಜೇತೆ, ನಲವತ್ತು ವಯಸ್ಸಿನ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್. ರಾಜ ಐದನೆಯ ಜಾರ್ಜ್ ಮತ್ತು ರಾಣಿ ಮೇರಿಯವರ ಸಮ್ಮುಖದಲ್ಲಿ ಆ ಪಂದ್ಯ ನಡೆಯಿತು. ಮೂರನೆಯ ಸೆಟ್‌ನಲ್ಲಿ 4–1ರಿಂದ ಮುಂದಿದ್ದ ಲೆಂಗ್ಲೆನ್ ಹಿಂದೆ ಬಿದ್ದು, ಎರಡು ಮ್ಯಾಚ್ ಪಾಯಿಂಟ್‌ಗಳನ್ನು ಎದುರಿಸಬೇಕಾಯಿತು. ಅವುಗಳಲ್ಲೊಂದು ಉಳಿದದ್ದು ರ‍್ಯಾಕೆಟ್ಟಿನ ಚೌಕಟ್ಟಿಗೆ ತಾಗಿದ ಚೆಂಡು ಹೇಗೋ ಬಲೆಯನ್ನು ದಾಟಿ ಬಿದ್ದುದರಿಂದ. ಕೊನೆಗೆ 10–8, 4–6, 9–7ರಿಂದ ಲೆಂಗ್ಲೆನ್ ಗೆದ್ದರು. ಒಟ್ಟು 44 ಗೇಮ್‌ಗಳ ಈ ಪಂದ್ಯವು 1970ರವರೆಗೂ ವಿಂಬಲ್ಡನ್ ಮಹಿಳೆಯರ ಅತಿ ದೀರ್ಘ ಫೈನಲ್ ಆಗಿ ಉಳಿಯಿತು.

ಎದುರಾಳಿ ಉದ್ದ ಲಂಗ ತೊಟ್ಟು ಆಡಿದರೆ, ಲೆಂಗ್ಲೆನ್ ಬಿಗಿಕವಚವಿಲ್ಲದೆ, ಗಿಡ್ಡ ತೋಳಿನ, ಮೀನಖಂಡದವರೆಗಷ್ಟೇ ಬರುವ ಉಡುಪು ಧರಿಸಿದ್ದರು. ಕೆಲವರಿಗೆ ಇದು ಅಸಭ್ಯವೆಂದು ತೋರಿತು. ಮುಂದೆ ವಸ್ತ್ರವಿನ್ಯಾಸಕ ಜ್ಯಾಂ ಪಟೂ ಸಿದ್ಧಪಡಿಸಿದ ನೆರಿಗೆಯ ಲಂಗ, ತೋಳಿಲ್ಲದ ಮೇಲಂಗಿ ಹಾಗೂ ತಲೆಗೆ ಸುತ್ತಿದ ಬಣ್ಣದ ಪಟ್ಟಿ ಅವರ ಗುರುತಾದವು. ಹಾರಿ, ಬಳುಕಿ ಚೆಂಡನ್ನು ಮುಟ್ಟುತ್ತಿದ್ದ ಅವರ ಆಟವನ್ನು ನೃತ್ಯಕ್ಕೆ ಹೋಲಿಸುವುದು ಪತ್ರಿಕೆಗಳ ರೂಢಿಯಾಗಿತ್ತು. 1924ರಲ್ಲಿ ಪ್ರದರ್ಶಿತವಾದ ಲ ತ್ರೆಂ ಬ್ಲೂ ಎಂಬ ಬ್ಯಾಲೆಯ ಟೆನಿಸ್ ಆಟಗಾರ್ತಿಯ ಪಾತ್ರಕ್ಕೆ ಇವರೇ ಪ್ರೇರಣೆ.

ಗೆಲುವಿನ ವರ್ಷಗಳು

1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಲೆಂಗ್ಲೆನ್ ಸಿಂಗಲ್ಸ್ ಚಿನ್ನದ ಪದಕ ಗೆದ್ದರು. ಇಡೀ ಸ್ಪರ್ಧೆಯಲ್ಲಿ ಬಿಟ್ಟುಕೊಟ್ಟದ್ದು ನಾಲ್ಕು ಗೇಮ್‌ಗಳನ್ನು ಮಾತ್ರ. ಮ್ಯಾಕ್ಸ್ ಡೆಕ್ಯೂಜಿಸ್ ಜೊತೆಗೂಡಿ ಮಿಶ್ರ ಡಬಲ್ಸ್ ಚಿನ್ನವನ್ನೂ, ಮಹಿಳೆಯರ ಡಬಲ್ಸ್‌ನಲ್ಲಿ ಕಂಚನ್ನೂ ಪಡೆದರು. ಅಮೆರಿಕದ ಎಲಿಜಬೆತ್ ರಯಾನ್ ಅವರೊಡನೆ ವಿಂಬಲ್ಡನ್ ಡಬಲ್ಸ್ ಪ್ರಶಸ್ತಿಯನ್ನು ಆರು ಸಲ ಗೆದ್ದರು.

ಒಂದೇ ಸೋಲು ಬಂದದ್ದು 1921ರಲ್ಲಿ, ಅಮೆರಿಕದಲ್ಲಿ. ಯುದ್ಧದಲ್ಲಿ ಹಾಳಾದ ಫ್ರಾನ್ಸ್‌ನ ಪ್ರದೇಶಗಳಿಗೆ ನಿಧಿ ಸಂಗ್ರಹಿಸುವ ಪ್ರದರ್ಶನ ಪಂದ್ಯಗಳನ್ನಾಡಲು ಅವರು ಅಲ್ಲಿಗೆ ತೆರಳಿದ್ದರು. ಫಾರೆಸ್ಟ್ ಹಿಲ್ಸ್‌ನಲ್ಲಿ ನಡೆದ ಅಮೆರಿಕನ್ ಚಾಂಪಿಯನ್‌ಷಿಪ್‌ನ ಎರಡನೆಯ ಸುತ್ತಿನಲ್ಲೇ ಹಾಲಿ ವಿಜೇತೆ ಮೊಲ್ಲಾ ಮ್ಯಾಲರಿ ಎದುರಾದರು. ಮೊದಲ ಸೆಟ್ಟನ್ನು 2–6ರಿಂದ ಸೋತ ಲೆಂಗ್ಲೆನ್, ಎರಡನೆಯ ಸೆಟ್ಟಿನ ಆರಂಭದಲ್ಲಿ ಕೆಮ್ಮುತ್ತ, ಅಳುತ್ತ ಪಂದ್ಯವನ್ನು ಬಿಟ್ಟುಕೊಟ್ಟರು. ಪ್ರೇಕ್ಷಕರು ಅಪಹಾಸ್ಯದ ಸದ್ದು ಮಾಡಿದರು. ಅಲ್ಲಿನ ಪತ್ರಿಕೆಗಳು ಅನಾರೋಗ್ಯದ ಮಾತನ್ನು ನಂಬಲಿಲ್ಲ. ಮರುವರ್ಷದ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಮ್ಯಾಲರಿಯವರನ್ನು 6–2, 6–0ರಿಂದ ಅರ್ಧ ಗಂಟೆಯೊಳಗೆ ಸೋಲಿಸಿದ ಬಳಿಕ ಆ ಚರ್ಚೆ ತಣ್ಣಗಾಯಿತು. ಅಲ್ಲಿಂದ ಮುಂದೆ ಹವ್ಯಾಸಿಯಾಗಿ ಆಡಿದ ಸಿಂಗಲ್ಸ್ ಪಂದ್ಯಗಳಲ್ಲಿ ಅವರು ಸೋಲಲಿಲ್ಲ. ಕಾಮಾಲೆಯ ಕಾರಣ 1924ರ ವಿಂಬಲ್ಡನ್‌ನಿಂದ ಸೆಮಿಫೈನಲ್‌ಗೆ ಮುನ್ನ ಹಿಂದೆ ಸರಿದರು. ತಮ್ಮದೇ ಊರಾದ ಪ್ಯಾರಿಸ್‌ನ ಒಲಿಂಪಿಕ್ಸ್ ಕೂಡ ಹಾಗೆಯೇ ತಪ್ಪಿತು. 1925ರ ವಿಂಬಲ್ಡನ್ ಸಿಂಗಲ್ಸ್‌ನಲ್ಲಿ ಒಟ್ಟು ಐದು ಗೇಮ್‌ಗಳನ್ನಷ್ಟೇ ಕಳೆದುಕೊಂಡು ಗೆದ್ದರು. ಫ್ರೆಂಚ್ ಚಾಂಪಿಯನ್‌ಷಿಪ್ ವಿದೇಶಿ ಆಟಗಾರರಿಗೂ ತೆರೆದುಕೊಂಡ 1925ರಲ್ಲಿ ಮತ್ತು 1926ರಲ್ಲಿ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರೂ ಪ್ರಶಸ್ತಿಗಳು ಅವರ ಪಾಲಾದವು.

ಹವ್ಯಾಸಿ ಆಟ ಮತ್ತು ಹಣ

ಅಂದಿನ ನಿಯಮದಂತೆ ದೊಡ್ಡ ಪಂದ್ಯಾವಳಿಗಳೆಲ್ಲವೂ ಹವ್ಯಾಸಿಗಳಿಗೆ ಮೀಸಲು. ಆಟಗಾರರು ಬಹುಮಾನದ ಹಣ ಪಡೆಯುವಂತಿರಲಿಲ್ಲ; ಟಿಕೆಟ್ಟಿನ ಹಣ ಸಂಘಟಕರಿಗೆ ಸೇರುತ್ತಿತ್ತು. ವಿಂಬಲ್ಡನ್ ಪಂದ್ಯಾವಳಿ 1922ರಲ್ಲಿ ಹಳೆಯ ವರ್ಪಲ್ ರಸ್ತೆಯ ಅಂಗಳದಿಂದ ಚರ್ಚ್ ರಸ್ತೆಯ ವಿಶಾಲವಾದ ಅಂಗಳಕ್ಕೆ ಬಂದದ್ದರ ಹಿಂದೆ ಲೆಂಗ್ಲೆನ್ ಆಟಕ್ಕೆ ಮುಗಿಬೀಳುತ್ತಿದ್ದ ಜನಸಂದಣಿಯೂ ಇತ್ತೆಂದು ಹೇಳಲಾಗುತ್ತದೆ.

1926ರ ಫೆಬ್ರುವರಿ 16ರಂದು ಕಾನ್ ನಗರದ ಕಾರ್ಲ್‌ಟನ್ ಕ್ಲಬ್‌ನಲ್ಲಿ ನಡೆದ ಪಂದ್ಯ ಈ ವೈರುಧ್ಯವನ್ನು ಎದ್ದು ಕಾಣಿಸಿತು. ಎದುರಾಳಿ, ಮೂರು ಬಾರಿ ಅಮೆರಿಕನ್ ಚಾಂಪಿಯನ್ ಆಗಿದ್ದ ಇಪ್ಪತ್ತರ ಹರೆಯದ ಹೆಲೆನ್ ವಿಲ್ಸ್. ಜಗತ್ತಿನ ಪತ್ರಿಕೆಗಳು ವರದಿಗಾರರನ್ನು ಕಳಿಸಿದವು; ಟಿಕೆಟ್ ಸಿಗದವರು ಮರಗಳನ್ನೂ ಮನೆಯ ಮಾಡುಗಳನ್ನೂ ಏರಿದರು. ಲೆಂಗ್ಲೆನ್ ಮೊದಲ ಸೆಟ್ಟನ್ನು 6–3ರಿಂದ ಗೆದ್ದರು. ಎರಡನೆಯ ಸೆಟ್‌ನಲ್ಲಿ 6–5ರಿಂದ ಮುಂದಿದ್ದಾಗ, ಮ್ಯಾಚ್ ಪಾಯಿಂಟ್‌ನಲ್ಲಿ ವಿಲ್ಸ್ ಹೊಡೆದ ಚೆಂಡು ಗೆರೆಯಾಚೆ ಬಿತ್ತೆಂಬ ಕೂಗು ಕೇಳಿತು. ಇಬ್ಬರೂ ಕೈಕುಲುಕಿದರು, ಹೂಗುಚ್ಛಗಳೂ ಬಂದವು. ಅಷ್ಟರಲ್ಲಿ ಗೆರೆಯ ನಿರ್ಣಾಯಕರು, ಕೂಗಿದ್ದು ತಾವಲ್ಲ, ಪ್ರೇಕ್ಷಕರಲ್ಲಿ ಯಾರೋ ಎಂದು ತಿಳಿಸಿದರು. ಆಟ ಮತ್ತೆ ಆರಂಭವಾಗಿ ವಿಲ್ಸ್ ಆ ಗೇಮ್ ಗೆದ್ದು ಸಮ ಮಾಡಿದರು. ದಣಿದಿದ್ದ ಲೆಂಗ್ಲೆನ್ ಮುಂದಿನ ಎರಡು ಗೇಮ್‌ಗಳನ್ನು ಗೆದ್ದು 8–6ರಿಂದ ಪಂದ್ಯ ಮುಗಿಸಿ, ಅಳುತ್ತ ಕುಸಿದರು. ಇವರಿಬ್ಬರೂ ಸಿಂಗಲ್ಸ್‌ನಲ್ಲಿ ಮತ್ತೆಂದೂ ಎದುರಾಗಲಿಲ್ಲ.

ಅದೇ ವರ್ಷದ ವಿಂಬಲ್ಡನ್‌ನಲ್ಲಿ ಒಂದೇ ದಿನ ಸಿಂಗಲ್ಸ್ ಹಾಗೂ ಡಬಲ್ಸ್ ಪಂದ್ಯಗಳನ್ನು ಅವರಿಗೆ ನಿಗದಿಮಾಡಲಾಗಿತ್ತು. ಸಿಂಗಲ್ಸ್ ಪಂದ್ಯದ ಸಂಗತಿ ಅವರಿಗೆ ಸಕಾಲದಲ್ಲಿ ತಿಳಿಯಲಿಲ್ಲ. ಅವರು ಅಂಗಳಕ್ಕೆ ಬರುವ ವೇಳೆಗೆ ರಾಣಿ ಮೇರಿ ಬಹಳ ಹೊತ್ತು ಕಾದಾಗಿತ್ತು. ಅಧಿಕಾರಿಗಳು ಗದರಿದ್ದರಿಂದ ನೊಂದ ಲೆಂಗ್ಲೆನ್ ಅಂದು ಆಡಲು ನಿರಾಕರಿಸಿದರು. ರಾಣಿಗೆ ಅವಮಾನ ಮಾಡಿದರೆಂದು ಬ್ರಿಟಿಷ್ ಪತ್ರಿಕೆಗಳು ಬರೆದವು. ಏಳು ವರ್ಷ ಚಪ್ಪಾಳೆ ತಟ್ಟಿದ ಪ್ರೇಕ್ಷಕರು ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಅವರು ಪಂದ್ಯಾವಳಿಯಿಂದ ಹಿಂದೆ ಸರಿದರು, ವಿಂಬಲ್ಡನ್‌ನಲ್ಲಿ ಮತ್ತೆ ಆಡಲಿಲ್ಲ. ತಪ್ಪು ವೇಳಾಪಟ್ಟಿಯದೋ ಅವರ ಹಟದ್ದೋ ಎಂಬ ವಾದ ಇಂದಿಗೂ ಇದೆ. ಇಷ್ಟು ದೊಡ್ಡ ಆಟಗಾರ್ತಿಗೆ ಸೂಚನೆ ನೇರವಾಗಿ ತಲುಪದಿದ್ದುದು ಸಂಘಟಕರ ಲೋಪವೇ ಸರಿ.

ವೃತ್ತಿಪರ ಪ್ರವಾಸ

1926ರ ಆಗಸ್ಟ್‌ನಲ್ಲಿ ಲೆಂಗ್ಲೆನ್ ಅಮೆರಿಕದ ಕ್ರೀಡಾ ಉದ್ಯಮಿ ಸಿ. ಸಿ. ಪೈಲ್ ಜೊತೆ 50,000 ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರು. ತಮ್ಮ ಆಟದಿಂದ ಇತರರು ಅಪಾರ ಹಣ ಗಳಿಸಿದರೂ ತಾವು ಪ್ರವೇಶ ಶುಲ್ಕ ತೆತ್ತು ಆಡಬೇಕಾಯಿತು, ಹವ್ಯಾಸಿ ಪದ್ಧತಿ ಸಿರಿವಂತರಿಗೆ ಮಾತ್ರ ಅನುಕೂಲಕರ ಎಂಬುದು ಅವರು ಮುಂದಿಟ್ಟ ವಾದ. ವಿಂಬಲ್ಡನ್ ನಡೆಸುವ ಆಲ್ ಇಂಗ್ಲೆಂಡ್ ಕ್ಲಬ್ ಅವರ ಗೌರವ ಸದಸ್ಯತ್ವವನ್ನು ಹಿಂತೆಗೆದುಕೊಂಡಿತು.

ಪ್ರವಾಸವು ಅಕ್ಟೋಬರ್ 9ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸುಮಾರು 13,000 ಪ್ರೇಕ್ಷಕರ ಎದುರು ಆರಂಭವಾಯಿತು. ಎದುರಾಳಿಯಾಗಿದ್ದ ಮಾಜಿ ಅಮೆರಿಕನ್ ಚಾಂಪಿಯನ್ ಮೇರಿ ಬ್ರೌನ್ ಅವರೊಡನೆ ಊರಿಂದೂರಿಗೆ ಸಾಗಿ ಆಡಿದ 38 ಪಂದ್ಯಗಳನ್ನೂ ಲೆಂಗ್ಲೆನ್ ಗೆದ್ದರು. ಫಲಿತಾಂಶ ಮೊದಲೇ ತಿಳಿದಂತಿದ್ದುದು ಆಟದ ಸ್ವಾರಸ್ಯಕ್ಕೆ ಅಡ್ಡಿಯಾಯಿತು. 1927ರಲ್ಲಿ ಪ್ರವಾಸ ಮುಗಿದಾಗ ಪೈಲ್ ಅದನ್ನು ಮುಂದುವರಿಸಲಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಕೆಲವು ಪ್ರದರ್ಶನ ಪಂದ್ಯಗಳನ್ನಾಡಿದ ಬಳಿಕ ಅವರ ಆಟದ ಬದುಕು ಹೆಚ್ಚುಕಡಿಮೆ ಮುಗಿಯಿತು. ಹೋದ ದಾರಿಯಲ್ಲಿ ಹಿಂದಿರುಗುವಂತಿರಲಿಲ್ಲ. ವೃತ್ತಿಪರರಿಗೆ ದೊಡ್ಡ ಪಂದ್ಯಾವಳಿಗಳ ಬಾಗಿಲು ಮುಚ್ಚಿತ್ತು.

ಕೊನೆಯ ವರ್ಷಗಳು ಮತ್ತು ಮರಣ

1929ರಲ್ಲಿ ತಂದೆ ತೀರಿಕೊಂಡರು. 1930ರ ದಶಕದಲ್ಲಿ ಲೆಂಗ್ಲೆನ್ ಪ್ಯಾರಿಸ್‌ನಲ್ಲಿ ಟೆನಿಸ್ ಶಾಲೆಯೊಂದನ್ನು ನಡೆಸಿ ಮಕ್ಕಳಿಗೂ ವಯಸ್ಕರಿಗೂ ಆಟ ಕಲಿಸಿದರು. 1938ರ ಜೂನ್‌ನಲ್ಲಿ ಅವರ ಆರೋಗ್ಯ ತೀವ್ರವಾಗಿ ಕೆಟ್ಟಿತು. ಮಾರಕ ರಕ್ತಹೀನತೆ ಮರಣಕ್ಕೆ ಕಾರಣವೆಂದು ದಾಖಲಾಗಿದೆ. ಹೆಲೆನ್ ವಿಲ್ಸ್ ತಮ್ಮ ಎಂಟನೆಯ ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಎರಡು ದಿನಗಳ ನಂತರ, ಜುಲೈ 4ರಂದು ಲೆಂಗ್ಲೆನ್ ಪ್ಯಾರಿಸ್‌ನಲ್ಲಿ ನಿಧನರಾದರು. ಅವರಿಗೆ 39 ವರ್ಷ ವಯಸ್ಸಾಗಿತ್ತು. ಪ್ಯಾರಿಸ್ ಸಮೀಪದ ಸೇಂಟ್-ಊಆನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಹವ್ಯಾಸಿ ಮತ್ತು ವೃತ್ತಿಪರರೆಂಬ ಭೇದವನ್ನು ಟೆನಿಸ್‌ನ ಪ್ರಮುಖ ಪಂದ್ಯಾವಳಿಗಳು ಕೈಬಿಟ್ಟದ್ದು 1968ರಲ್ಲಿ. 1978ರಲ್ಲಿ ಲೆಂಗ್ಲೆನ್ ಹೆಸರು ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್‌ಗೆ ಸೇರಿತು. ಫ್ರೆಂಚ್ ಓಪನ್ ಮಹಿಳಾ ಸಿಂಗಲ್ಸ್ ವಿಜೇತೆಗೆ ನೀಡುವ ಪಾರಿತೋಷಕಕ್ಕೂ, ರೋಲಾಂ ಗಾರೋಸ್‌ನ ಎರಡನೆಯ ಅತಿ ದೊಡ್ಡ ಅಂಗಳಕ್ಕೂ ಅವರ ಹೆಸರಿದೆ.