ಠಕ್ಕರ ಕಥೆ ಬರೆದ ಟೇಲರ್ ಸಾಹೇಬ

ಸುರಪುರದ ಬೆಟ್ಟದ ಮೇಲಿರುವ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ವಾಸವಾಗಿದ್ದ ಫಿಲಿಪ್ ಮೆಡೋಸ್ ಟೇಲರನು ಒಂದು ಕಾಲಕ್ಕೆ ಕೊಲೆಗಡುಕರನ್ನು ಎದುರಿಗೆ ಕೂರಿಸಿಕೊಂಡು ಅವರ ತಪ್ಪೊಪ್ಪಿಗೆಯನ್ನು ಕೇಳಿದವನೆಂಬುದು ಅಷ್ಟಾಗಿ ತಿಳಿದಂತಿಲ್ಲ. ಬಿ.ಎ. ತರಗತಿಗೆ ಬರುವವರೆಗೆ ನನಗೂ ತಿಳಿದಿರಲಿಲ್ಲ. ಅಕ್ಷರ ಕಲಿಯದ ನಮ್ಮ ಮನೆಯ ಹಿರಿಯರಿಗೆ ಅವನು ಬರಿಯ ಟೇಲರ್ ಸಾಹೇಬ.

ಅವನು ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ವರ್ತಕನೊಬ್ಬನು ವ್ಯಾಪಾರದಲ್ಲಿ ಪಾಲು ಕೊಡುವೆನೆಂದು ಮಾತು ಕೊಟ್ಟಿದ್ದರಿಂದ 1824ರಲ್ಲಿ ಮುಂಬಯಿಗೆ ಬಂದನು. ಬಂದು ನೋಡಿದರೆ ವ್ಯಾಪಾರವೇ ಮುಳುಗುತ್ತಿತ್ತು. ಬಂಧುವೊಬ್ಬನ ನೆರವಿನಿಂದ ನಿಜಾಮನ ಸೈನ್ಯದಲ್ಲಿ ಕೆಲಸ ದೊರೆಯಿತು. ಹುಡುಗನು ಇಲ್ಲಿಯ ಭಾಷೆಗಳನ್ನು ಕಲಿತನು; ಮುಂದಿನದೆಲ್ಲ ಅದರಿಂದಲೇ ಆಯಿತೆನ್ನಬಹುದು.

ನಳದುರ್ಗ, ತುಳಜಾಪುರಗಳ ಸೀಮೆಯಲ್ಲಿ ಪೋಲೀಸು ಅಧಿಕಾರಿಯಾಗಿದ್ದಾಗ ದಾರಿಹೋಕರು ಕಾಣೆಯಾಗುತ್ತಿದ್ದ ಸಂಗತಿ ಅವನ ಗಮನಕ್ಕೆ ಬಂದಿತು. ಇದು ಠಕ್ಕರ ಕೆಲಸ. ಈ ಜನ ಕತ್ತಿ ಹಿಡಿದು ಮೇಲೆ ಬೀಳುವವರಲ್ಲ. ಸಭ್ಯ ಪ್ರಯಾಣಿಕರಂತೆ ಬಂದು ಜೊತೆಗೂಡುವರು, ದಿನಗಟ್ಟಲೆ ಕೂಡಿ ನಡೆಯುವರು, ಕಳ್ಳರ ಭಯವಿದೆಯೆಂದು ತಾವೇ ಎಚ್ಚರಿಸುವರು. ನಂಬಿಸುವವನು ಒಬ್ಬ, ಕುತ್ತಿಗೆಗೆ ರುಮಾಲು ಬಿಗಿಯುವವನು ಒಬ್ಬ, ಕುಳಿ ತೋಡುವವನು ಮತ್ತೊಬ್ಬ. ತಂಬಾಕು ತರುವಂತೆ ಹೇಳುವ ಮಾತೇ ಅವರಲ್ಲಿ ಕೊಲೆಯ ಸಂಜ್ಞೆಯಾಗಿತ್ತು. ಅರ್ಧ ಗಳಿಗೆಯಲ್ಲಿ ಮನುಷ್ಯನೂ ಇಲ್ಲ, ಗಂಟೂ ಇಲ್ಲ. ನಂಬಿಕೆಯನ್ನೇ ಆಯುಧ ಮಾಡಿಕೊಂಡ ಇಂಥವರಿಗಿಂತ ಬಹಿರಂಗ ದರೋಡೆಗಾರನೇ ಮೇಲೆಂದು ನನಗೆ ತೋರುತ್ತದೆ.

ಟೇಲರನ ವಿಚಾರಣೆ ನಡೆದಿರುವಾಗಲೇ ಸೈನ್ಯಕ್ಕೆ ಮರಳಬೇಕೆಂದು ಅವನಿಗೆ ಆಜ್ಞೆಯಾಯಿತು. ಠಕ್ಕರನ್ನು ಬಯಲಿಗೆಳೆದ ಕೀರ್ತಿ ಜಬಲ್ಪುರದ ಕಡೆಯ ಸ್ಲೀಮನ್ ಎಂಬ ಅಧಿಕಾರಿಗೆ ಹೋಯಿತು. ಈ ಕೊರಗು ಟೇಲರನಿಗೆ ಕೊನೆಯವರೆಗೂ ಇತ್ತು. ಆದರೂ 1832ರಲ್ಲಿ ಮಾಫಿ ಸಾಕ್ಷಿಗಳಾದ ಠಕ್ಕರ ಪರಿಚಯ ಅವನಿಗೆ ಆಯಿತು. ಅಮೀರ್ ಅಲಿ ಎಂಬವನು 719 ಕೊಲೆಗಳಲ್ಲಿ ತಾನಿದ್ದೆನೆಂದು ಲೆಕ್ಕ ಕೊಟ್ಟನು. ಅವನನ್ನೇ ನಾಯಕನನ್ನಾಗಿ ಮಾಡಿ ಟೇಲರನು ಬರೆದ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ 1839ರಲ್ಲಿ ಪ್ರಕಟವಾಯಿತು. ಅಚ್ಚಿನ ಹಾಳೆಗಳನ್ನು ವಿಕ್ಟೋರಿಯಾ ರಾಣಿಯೇ ತರಿಸಿಕೊಂಡು ಓದಿದಳು.

ಆ ಲೆಕ್ಕವೆಲ್ಲ ನಿಜವೇ? ಮಾಫಿ ಸಾಕ್ಷಿಯು ಸಂಗಡಿಗರ ಹೆಸರು ಹೇಳಿದಷ್ಟೂ ಅವನ ಕೊರಳು ಉಳಿಯುತ್ತಿತ್ತು. ಆದ್ದರಿಂದ ಇತ್ತೀಚಿನ ಇತಿಹಾಸಕಾರರಲ್ಲಿ ಹಲವರು ಇಂಥ ಹೇಳಿಕೆಗಳನ್ನು ಸಂಶಯದಿಂದಲೇ ನೋಡುತ್ತಾರೆ.

ಇಂಗ್ಲೆಂಡಿನಿಂದ ಹಿಂತಿರುಗಿದ ಟೇಲರನು ಸುರಪುರ ಸಂಸ್ಥಾನದ ಆಡಳಿತಕ್ಕೆ ನೇಮಕವಾಗಿ 1853ರವರೆಗೆ ಇಲ್ಲಿದ್ದನು. ಬಾಲಕ ರಾಜ ವೆಂಕಟಪ್ಪ ನಾಯಕನು ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದನಂತೆ. ಆ ಬಾಲಕನೇ ಬೆಳೆದು 1858ರಲ್ಲಿ ಇಂಗ್ಲಿಷರ ಮೇಲೆ ಯುದ್ಧ ಹೂಡಿ, ಸೋತು, ಸೆರೆಯಾದನು. ಸಾಕಿದವನಿಗಾದರೂ ಬಾಯಿ ಬಿಟ್ಟಾನೆಂದು ಅಧಿಕಾರಿಗಳು ಟೇಲರನನ್ನೇ ಸೆರೆಮನೆಗೆ ಕಳುಹಿಸಿದರು. ಠಕ್ಕರ ಬಾಯಿಂದ ಅಷ್ಟು ಹೆಸರುಗಳನ್ನು ಕೇಳಿದ್ದ ಟೇಲರನಿಗೆ ಈ ತರುಣನು ತನ್ನನ್ನು ದಂಗೆಗೆ ಪ್ರೇರಿಸಿದವರಲ್ಲಿ ಒಬ್ಬರ ಹೆಸರನ್ನೂ ಹೇಳಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಲೆಂದು ಮಾತ್ರ ಬೇಡಿದನು. ಇದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಆಳುವವರ ಕಡೆಯವನಾದರೂ ಇದನ್ನು ಮುಚ್ಚಿಡಲಿಲ್ಲವೆಂಬುದಕ್ಕಾಗಿ ನಾನು ಅವನನ್ನು ಗೌರವಿಸುತ್ತೇನೆ.

ಮರಣದಂಡನೆ ಇಳಿದು ಕೊನೆಗೆ 4 ವರ್ಷದ ಸೆರೆಯಾಯಿತು. ಆದರೆ ಕರೆದೊಯ್ಯುವ ದಾರಿಯಲ್ಲಿಯೇ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ಕೈತಪ್ಪಿ ಹಾರಿತೆನ್ನುವವರೂ ಉಂಟು, ಆತ್ಮಹತ್ಯೆಯೆನ್ನುವವರೂ ಉಂಟು. ಸುರಪುರವು ನಿಜಾಮನ ಪಾಲಾಯಿತು.

ಟೇಲರನು 1860ರಲ್ಲಿ ಸ್ವದೇಶಕ್ಕೆ ಮರಳಿ ಮತ್ತೆ ಕೆಲವು ಕಾದಂಬರಿಗಳನ್ನು ಬರೆದನು. ಮುಪ್ಪಿನಲ್ಲಿ ಅವನ ಕಣ್ಣು ಮಂಜಾದವು. 1876ರ ಮೇ 13ರಂದು ಫ್ರಾನ್ಸಿನ ಮಾಂಟಾನ್ ಎಂಬ ಊರಿನಲ್ಲಿ ತೀರಿಕೊಂಡನು. ಮರುವರ್ಷ ಅವನ ಆತ್ಮಕಥೆಯನ್ನು ಮಗಳು ಅಚ್ಚು ಹಾಕಿಸಿದಳು.