ಬಿಟ್ಟಿ ಚಾಕರಿಯನ್ನು ನಿಲ್ಲಿಸಿದ ದೊರೆ: ಶಾಹೂ ಮಹಾರಾಜರು

ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಯಾರೂ ಅಲ್ಲಗಳೆಯದ ಮಾತು. ಆದರೂ ಊರು ಬಿಟ್ಟು ಬಂದು ದುಡಿದವರು ಬಾಕಿ ಕೂಲಿಗಾಗಿ ಗುತ್ತಿಗೆದಾರನ ಬಾಗಿಲು ಕಾಯುವುದು ನಾವೆಲ್ಲ ಕಂಡದ್ದೇ. ಉತ್ತರ ಕರ್ನಾಟಕದಿಂದ ನಮ್ಮ ಜಿಲ್ಲೆಗೆ ಕಟ್ಟಡದ ಕೆಲಸಕ್ಕೆಂದು ಬಂದವರ ಮಕ್ಕಳು ಇಲ್ಲಿನ ಕನ್ನಡ ಶಾಲೆಗಳಲ್ಲಿ ಕಲಿಯುತ್ತಾರೆ. ಅಂಥ ಮನೆಯ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ. ಅವನ ತಂದೆಗೆ ಎರಡು ತಿಂಗಳ ಕೂಲಿ ಬಾಕಿ ನಿಂತಿತ್ತು. ಕೇಳಲು ಹೋದಾಗ ಲೆಕ್ಕ ತೋರಿಸುವಂತೆ ಗುತ್ತಿಗೆದಾರ ಹೇಳಿದನಂತೆ. ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಆ ದಿನಗಳಲ್ಲಿ ನಮಗೆ ಮತ್ತೆ ಮತ್ತೆ ನೆನಪಾದವರು ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು.

ಶಾಹೂ ಮಹಾರಾಜರು ಮರಾಠಿ ನಾಡಿನ ದೊರೆಗಳಾದರೂ ಕನ್ನಡಿಗರಿಗೆ ಹೊರಗಿನವರಲ್ಲ. ಅವರು ಹುಟ್ಟಿದ್ದು 1874ರ ಜೂನ್ 26ರಂದು, ಕಾಗಲದ ಘಾಟಗೆ ಮನೆತನದಲ್ಲಿ. ಮೊದಲ ಹೆಸರು ಯಶವಂತರಾವ್. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದ ಮಗಳು. 1884ರಲ್ಲಿ ಕೊಲ್ಲಾಪುರದ ರಾಣಿ ಆನಂದೀಬಾಯಿಯವರು ಹತ್ತು ತುಂಬದ ಈ ಬಾಲಕನನ್ನು ದತ್ತು ತೆಗೆದುಕೊಂಡರು. ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಕಲಿತ ಬಳಿಕ ಅವರ ವಿದ್ಯಾಭ್ಯಾಸ ಮುಂದುವರಿದದ್ದು ಧಾರವಾಡದಲ್ಲಿ, ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಗುರುವಿನ ಕೈಕೆಳಗೆ. ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಪಾಠ ಹೇಳಿದವರು ಇದೇ ಫ್ರೇಸರ್. ಇಬ್ಬರು ಶಿಷ್ಯರೂ ಹಿಂದುಳಿದವರ ಪರವಾಗಿ ನಿಂತ ಅರಸರಾದರು.

1894ರ ಏಪ್ರಿಲ್ 2ರಂದು ಇಪ್ಪತ್ತು ತುಂಬದ ಶಾಹೂ ರಾಜ್ಯಾಧಿಕಾರ ವಹಿಸಿಕೊಂಡರು. ಆಗಿನ ಕೊಲ್ಲಾಪುರ ಸಂಸ್ಥಾನದಲ್ಲಿ ಕನ್ನಡದ ಊರುಗಳು ಬಹಳವಿದ್ದವು. ಇಂದು ಬೆಳಗಾವಿ ಜಿಲ್ಲೆಗೆ ಸೇರಿರುವ ರಾಯಬಾಗ, ಕಟಕೋಳಗಳು ಅಂದು ಕೊಲ್ಲಾಪುರದವು. ಗಡಹಿಂಗ್ಲಜ ಮತ್ತು ಶಿರೋಳ ಪೇಟೆಗಳಲ್ಲಿ ಕನ್ನಡ ಮನೆಮಾತಾದ ಜೈನರೂ ಲಿಂಗಾಯತರೂ ಒಕ್ಕಲುತನ ಮಾಡಿಕೊಂಡಿದ್ದರು. ಕೃಷ್ಣೆ ಪಂಚಗಂಗೆಯರು ಕೂಡುವ ನರಸೋಬನ ವಾಡಿಯೂ ಕೊಪ್ಪೇಶ್ವರ ಗುಡಿಯ ಖಿದ್ರಾಪುರವೂ ಶಿರೋಳದ ಸೀಮೆಯವೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಶಿರೋಳ ಮರಾಠಿಗರ ಕಡೆಯಲ್ಲೇ ಉಳಿಯಿತು. ಗಡಿನಾಡಿನವರ ಪಾಡು ಎರಡೂ ಕಡೆಗಳಲ್ಲಿ ಒಂದೇ.

ಮಹಾರಾಜರು ಮಾಡಿದ ಕೆಲಸಗಳನ್ನು ಎಣಿಸತೊಡಗಿದರೆ ಈ ಪುಟ ಸಾಲದು. ಬೆಲ್ಲದ ವ್ಯಾಪಾರಕ್ಕೆ ಶಾಹುಪುರಿ ಪೇಟೆ, 1906ರಲ್ಲಿ ನೂಲುವ ನೇಯುವ ಗಿರಣಿ, ನೀರಾವರಿಗೆ ರಾಧಾನಗರಿ ಅಣೆಕಟ್ಟಿನ ಆರಂಭ, ಜೈನ, ಲಿಂಗಾಯತ, ಮುಸಲ್ಮಾನ, ಮರಾಠ ವಿದ್ಯಾರ್ಥಿಗಳಿಗೆ ವಸತಿಗೃಹಗಳು. 1902ರ ಜುಲೈ 26ರಂದು ಸಂಸ್ಥಾನದ ಗೆಜೆಟಿನಲ್ಲಿ, ತೆರವಾಗುವ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದ ಜಾತಿಗಳಿಗೆ ಮೀಸಲಿಡುವ ಆಜ್ಞೆ ಪ್ರಕಟವಾಯಿತು. ಇವೆಲ್ಲ ಪಠ್ಯಪುಸ್ತಕಗಳಲ್ಲಿ ಬಂದಿವೆ. ನಾವು ಇಲ್ಲಿ ಹೇಳಹೊರಟಿರುವುದು ಅಷ್ಟಾಗಿ ಯಾರೂ ಎತ್ತಿ ಆಡದ ಮತ್ತೊಂದು ಕಾರ್ಯವನ್ನು. ಅದು ಕೂಲಿಯಿಲ್ಲದ ದುಡಿಮೆಯ ನಿಷೇಧ.

ಅಂದಿನ ಹಳ್ಳಿಗಳಲ್ಲಿ ಮಹಾರರೆಂಬ ಅಸ್ಪೃಶ್ಯ ಜನರಿಗೆ ವತನದ ಹೆಸರಿನಲ್ಲಿ ತುಂಡು ಭೂಮಿ ಇತ್ತು. ತಲೆಮಾರು ಕಳೆದಂತೆ ಅದು ಹರಿದು ಹಂಚಿ ಅಂಗೈ ಅಗಲವಾಗುತ್ತಿತ್ತು. ಆ ಭೂಮಿಗೆ ಪ್ರತಿಯಾಗಿ ಅವರು ಪಾಟೀಲ, ಕುಲಕರ್ಣಿಗಳು ಕರೆದಾಗಲೆಲ್ಲ ಓಡಿ ಬರಬೇಕು. ಅಧಿಕಾರಿಗಳು ಬಂದರೆ ಸಾಮಾನು ಹೊರಬೇಕು, ಸೌದೆ ತರಬೇಕು, ಸರಕಾರಿ ಕಾಗದವನ್ನು ಮುಂದಿನ ಊರಿಗೆ ಮುಟ್ಟಿಸಬೇಕು. ಹೊತ್ತಿನ ಲೆಕ್ಕವಿಲ್ಲ, ಕೂಲಿಯ ನಿಗದಿಯಿಲ್ಲ. ಸುಗ್ಗಿಯಲ್ಲಿ ರೈತರು ಕೈಯೆತ್ತಿ ಕೊಟ್ಟ ಕಾಳೇ ಸಂಬಳ. ಕೂಲಿ ಕೇಳಿದರೆ ಭೂಮಿ ಇದೆಯಲ್ಲ, ಕಾಳು ಸಿಕ್ಕಿತಲ್ಲ ಎಂಬ ಉತ್ತರ ಸಿದ್ಧವಾಗಿತ್ತು. ಸಾಲವೆಂದು ಬರೆಯದ ಸಾಲವನ್ನು ವಸೂಲು ಮಾಡುವುದಾದರೂ ಹೇಗೆ? ಬಾಕಿ ಇದೆಯೆಂದು ಒಪ್ಪುವವರೇ ಇಲ್ಲದಿದ್ದಾಗ ನ್ಯಾಯ ಕೇಳಲು ಸ್ಥಳವಾದರೂ ಎಲ್ಲಿ?

ಊರು ಬಿಟ್ಟು ಹೋಗೋಣವೆಂದರೆ ಅದಕ್ಕೂ ಕಟ್ಟು ಇತ್ತು. ಮಹಾರ, ಮಾಂಗ, ರಾಮೋಶಿ, ಬೇಡ ಮುಂತಾದವರು ಊರಿನ ಅಧಿಕಾರಿಯೆದುರು ದಿನವೂ ಹಾಜರಿ ಕೊಡಬೇಕಾಗಿತ್ತು. ಕಳ್ಳತನ ಮಾಡದವನೂ ಕಳ್ಳನಂತೆ ನಿಲ್ಲಬೇಕು. ಬೇರೆ ಊರಿನಲ್ಲಿ ಒಳ್ಳೆಯ ಕೂಲಿ ಇದ್ದರೂ ಹೋಗುವಂತಿಲ್ಲ. ಹೀಗೆ ಬಿಟ್ಟಿ ಚಾಕರಿಯ ಬೇಲಿ ಎರಡು ಕಡೆಯಿಂದಲೂ ಬಿಗಿದಿತ್ತು.

ಮಹಾರಾಜರು ಈ ಬೇಲಿಯನ್ನು ಒಂದೊಂದಾಗಿ ಕಿತ್ತರು. 1918ರಲ್ಲಿ ಹಾಜರಿಯ ಪದ್ಧತಿ ರದ್ದಾಯಿತು. ಅದೇ ವರ್ಷ ಮಹಾರ ವತನ ರದ್ದಾಗಿ ಭೂಮಿ ಅವರ ಸ್ವಂತ ರೈತಾವಾ ಜಮೀನಾಯಿತು, ಚಾಕರಿಯ ಋಣ ಹರಿಯಿತು. ವಂಶಪಾರಂಪರ್ಯದ ಕುಲಕರ್ಣಿ ವತನವನ್ನೂ ತೆಗೆದು ಸಂಬಳದ ತಲಾಠಿಗಳನ್ನು ನೇಮಿಸಿದರು. ಆ ತಲಾಠಿಗಳಲ್ಲಿ ಅಸ್ಪೃಶ್ಯರಿಗೂ ಸ್ಥಾನ ಸಿಕ್ಕಿತು. 1920ರಲ್ಲಿ ವೇಠಬಿಗಾರಿ, ಅಂದರೆ ಬಿಟ್ಟಿ ದುಡಿಮೆಯನ್ನೇ ನಿಷೇಧಿಸಿದರು. ದುಡಿಮೆಗೆ ಕೂಲಿ ದಾನವಲ್ಲ, ಹಕ್ಕು ಎಂಬುದು ಸಂಸ್ಥಾನದ ಕಾನೂನಾಯಿತು.

ಕಾನೂನು ಮಾಡಿ ಸುಮ್ಮನಾಗಲಿಲ್ಲ. ಅರಮನೆಯ ಕುದುರೆ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ಮಹಾರ ಸೇವಕನಿದ್ದ. ಮೇಲ್ಜಾತಿಯವರ ನೀರಿನ ತೊಟ್ಟಿಯನ್ನು ಮುಟ್ಟಿದನೆಂದು ಸಹೋದ್ಯೋಗಿಗಳು ಅವನನ್ನು ಹೊಡೆದರು. ಮಹಾರಾಜರು ಹೊಡೆದವರನ್ನು ದಂಡಿಸಿದರು. ಗಂಗಾರಾಮನು ಸ್ವಂತ ಕಾಲ ಮೇಲೆ ನಿಲ್ಲಲೆಂದು ಕೊಲ್ಲಾಪುರದಲ್ಲಿ ಚಹಾದ ಅಂಗಡಿ ಇಡಲು ನೆರವಾದರು. ಅಸ್ಪೃಶ್ಯನ ಚಹಾ ಕುಡಿಯುವವರು ಯಾರು? ಮಹಾರಾಜರೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಚಹಾ ತರಿಸಿ ಕುಡಿದರು. ಜೊತೆಗಿದ್ದ ದೊಡ್ಡವರೂ ಕುಡಿಯಲೇಬೇಕಾಯಿತು.

1920ರ ಮಾರ್ಚ್ 21, 22ರಂದು ಶಿರೋಳಕ್ಕೆ ದೂರವಲ್ಲದ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ಸೇರಿತು. ಅಧ್ಯಕ್ಷರು ತರುಣ ಡಾ. ಅಂಬೇಡ್ಕರರು. ಮಹಾರಾಜರು ಅಲ್ಲಿಗೆ ಬಂದು, ನಿಮ್ಮ ನಾಯಕ ನಿಮಗೆ ದೊರಕಿದ್ದಾನೆಂಬ ಅರ್ಥದಲ್ಲಿ ಮಾತನಾಡಿದರು. ಅದೇ ವರ್ಷ ಅಂಬೇಡ್ಕರರು ಆರಂಭಿಸಿದ ಮೂಕನಾಯಕ ಪತ್ರಿಕೆಗೂ ಹಣದ ನೆರವು ನೀಡಿದ್ದರು. 1922ರ ಮೇ 6ರಂದು ಮುಂಬಯಿಯಲ್ಲಿ ಮಹಾರಾಜರು ತೀರಿಕೊಂಡರು. ಆಗ ಅವರಿಗೆ 47 ವರ್ಷ.

ಅರಸನ ಆಜ್ಞೆ ಹೊರಟ ಮಾತ್ರಕ್ಕೆ ಹಳ್ಳಿಯ ಚಾವಡಿ ಬದಲಾಗುವುದಿಲ್ಲ. ಕೊಲ್ಲಾಪುರದ ಹೊರಗೆ, ಮುಂಬಯಿ ಪ್ರಾಂತದಲ್ಲಿ ಮಹಾರ ವತನ ಉಳಿದೇ ಇತ್ತು. 1928ರಲ್ಲಿ ಅಂಬೇಡ್ಕರರು ಅದರ ತಿದ್ದುಪಡಿಗೆ ಮಸೂದೆ ಮಂಡಿಸಿದರೂ ಕೈಗೂಡಲಿಲ್ಲ. ಅಲ್ಲಿ ಅದು ಕಾನೂನಿನಿಂದ ಹೋದದ್ದು 1958ರಲ್ಲಿ. ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತ ನಿರ್ಮೂಲನ ಕಾಯಿದೆ, 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂದವು. ಹಾಗಿದ್ದೂ ಇಂದು ಶಿರೋಳದ ಕಬ್ಬಿನ ಸೀಮೆಗೆ ಮರಾಠವಾಡೆಯಿಂದಲೂ ವಿಜಯಪುರದ ಕಡೆಯಿಂದಲೂ ಕಬ್ಬು ಕಡಿಯಲು ಬರುವ ಗಂಡಹೆಂಡಿರು ಮುಕಾದಮನಿಂದ ಮುಂಗಡ ಪಡೆದು ಬರುತ್ತಾರೆ. ಹಂಗಾಮು ಮುಗಿದಾಗ ಮುಂಗಡ ತೀರಿತೋ, ಉಳಿಯಿತೋ ಎಂಬುದು ಅನೇಕ ವೇಳೆ ಮುಕಾದಮನ ವಹಿಯಲ್ಲಿ ಬರೆದಂತೆಯೇ.

ಇಲ್ಲಿಯೇ ಮಹಾರಾಜರ ದೂರದೃಷ್ಟಿ ನಮಗೆ ತಿಳಿಯುವುದು. ಬಿಟ್ಟಿಯನ್ನು ನಿಲ್ಲಿಸುವ ಮೊದಲೇ, 1917ರಲ್ಲಿ, ಅವರು ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದ್ದರು. ಅಸ್ಪೃಶ್ಯ ಮಕ್ಕಳಿಗಾಗಿ 1908ರಲ್ಲೇ ವಸತಿಗೃಹ ತೆರೆದಿತ್ತು. ಕಲಿತ ಕೆಲವರಿಗೆ ವಕೀಲಿಯ ಸನದನ್ನೂ ಕೊಟ್ಟರು. ಹಕ್ಕು ಕೊಟ್ಟರೆ ಸಾಲದು, ಅದನ್ನು ಓದಿ ಕೇಳಬಲ್ಲವರೂ ಬೇಕೆಂದು ಅವರು ಬಲ್ಲರು. ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಕುದ್ಮುಲ್ ರಂಗರಾಯರು ಅದೇ ಕಾಲದಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಹಿಡಿದದ್ದೂ ಇದೇ ದಾರಿ. ಒಬ್ಬರು ಅರಸರು, ಒಬ್ಬರು ವಕೀಲರು. ಕಂಡ ಸತ್ಯ ಒಂದೇ.

ನಮ್ಮ ತರಗತಿಯ ಆ ಹುಡುಗನ ತಂದೆಗೆ ನಾವು ಕಾರ್ಮಿಕ ಕಚೇರಿಗೆ ಅರ್ಜಿ ಬರೆದುಕೊಟ್ಟೆವು. ಬಾಕಿಯಲ್ಲಿ ಅರ್ಧ ಬಂತು, ಉಳಿದರ್ಧ ಬರಲಿಲ್ಲ. ಕೆಲಸ ಮಾಡಿದ ದಿನಗಳಿಗೆ ಸಾಕ್ಷಿ ಸಾಲಲಿಲ್ಲ. ಮಗನಿಗೆ ಒಂದು ನೋಟು ಪುಸ್ತಕ ಕೊಟ್ಟು, ಪ್ರತಿ ಸಂಜೆ ತಾರೀಕು, ಕೆಲಸದ ಸ್ಥಳ, ಕೊಟ್ಟ ಹಣ, ಬಾಕಿ ಹಣ ಇಷ್ಟನ್ನು ಬರೆದು ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳಲು ಹೇಳಿದೆವು. ಈಗ ಅವನು ಬರೆಯುತ್ತಾನೆ, ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಶಾಲೆ ಯಾಕೆಂದು ಕೇಳುವ ತಂದೆತಾಯಿಯರಿಗೆ ನಾವು ಆ ಪುಸ್ತಕವನ್ನು ತೋರಿಸುತ್ತೇವೆ.