ಕವಿಶಿಷ್ಯ ಪಂಜೆ ಮಂಗೇಶರಾಯರು

ಶಾಲೆಯ ಉತ್ಸವದ ದಿನ ರಂಗದ ಮೇಲೆ ಸಾಲಾಗಿ ನಿಂತ ಬಾಲಿಕೆಯರನ್ನು ನೋಡುವಾಗ ತಾಯಿತಂದೆಗಳ ಕಣ್ಣು ಮೊದಲು ತಮ್ಮ ಮಗುವನ್ನೇ ಅರಸುವುದು ಸಹಜವಷ್ಟೆ. ಆದರೆ ಆ ಸಾಲಿನಲ್ಲಿ ಕೈ ಕೈ ಹಿಡಿದು ನಿಂತವರು ಒಂದೇ ಮನೆಯ ಮಕ್ಕಳಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು, ದೇವನಹಳ್ಳಿಯ ಚಕ್ಕೋತದ ತೋಟದವಳು, ಹೊಸಕೋಟೆ ನೆಲಮಂಗಲಗಳ ರಾಗಿಯ ಹೊಲದವಳು ಅಲ್ಲಿ ಕೂಡಿರುವರು. ಒಬ್ಬಳ ಮನೆಮಾತು ಕನ್ನಡ, ಇನ್ನೊಬ್ಬಳದು ತೆಲುಗು, ಮತ್ತೊಬ್ಬಳದು ಉರ್ದು. ಒಂದು ಮನೆಯಲ್ಲಿ ಕ್ರಿಸ್ಮಸ್, ಒಂದು ಮನೆಯಲ್ಲಿ ಸಂಕ್ರಾಂತಿ, ಒಂದು ಮನೆಯಲ್ಲಿ ರಂಜಾನ್. ಇವರೆಲ್ಲರೂ ಒಂದೇ ಹಾಡಿಗೆ ಹೆಜ್ಜೆ ಹಾಕುವುದು ಬರಿಯ ವಿನೋದವೋ, ವಿದ್ಯಾಭ್ಯಾಸದ ಒಂದು ಅಂಗವೋ? ಪಾಠದ ಹೊತ್ತು ವ್ಯರ್ಥವಾಯಿತೆಂದು ನೊಂದುಕೊಳ್ಳುವ ಹಿರಿಯರೂ ಇಲ್ಲದಿಲ್ಲ. ಈ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಉಪಾಧ್ಯಾಯರ ಜೀವನದಿಂದ ಕೊಡುವುದು ಲೇಸೆಂದು ನಮಗೆ ತೋರುತ್ತದೆ. ಅವರು ನಮ್ಮ ಸೀಮೆಯವರಲ್ಲ; ಪಡುವಣ ಕಡಲ ಕಡೆಯವರು. ಆದರೂ ಅವರ ಹಾವಿನ ಹಾಡನ್ನು ಕೈಯನ್ನೇ ಹೆಡೆಯಾಗಿ ಎತ್ತಿ ಹಾಡಿದ ನೆನಪು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಇದ್ದೇ ಇರುವುದು.

ಪಂಜೆ ಮಂಗೇಶರಾಯರು 1874ನೆಯ ಇಸವಿ ಫೆಬ್ರವರಿ 22ರಲ್ಲಿ ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ನೇತ್ರಾವತಿ ನದಿಯ ದಡದ ಆ ಊರಿನಲ್ಲಿ ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೀಗೆ ಮೂರು ಮಾತುಗಳ ನಡುವೆ ಅವರು ಬೆಳೆದರು. ಕನ್ನಡವು ಅವರಿಗೆ ತಾಯಿಯ ಮಡಿಲಲ್ಲಿ ಬಂದ ಮಾತಲ್ಲ, ಕಲಿತು ಒಲಿಸಿಕೊಂಡ ಮಾತು. ಬಡತನವನ್ನು ಕಂಡವರಾದರೂ ಮಂಗಳೂರಿನಲ್ಲಿ ಓದನ್ನು ಮುಂದುವರಿಸಿ, ಅಲ್ಲಿನ ಸರಕಾರಿ ಕಾಲೇಜಿನಲ್ಲಿಯೇ ಕನ್ನಡ ಪಂಡಿತರಾದರು, ಬಿ.ಎ. ಮತ್ತು ಎಲ್.ಟಿ. ಪದವಿಗಳನ್ನೂ ಸಂಪಾದಿಸಿದರು.

ಆ ಕಾಲದಲ್ಲಿ ಬೆನಗಲ್ ರಾಮರಾಯರ ಸುವಾಸಿನಿ ಎಂಬ ಪತ್ರಿಕೆಯಲ್ಲಿ ಅವರ ಕಥೆಗಳೂ ವಿನೋದ ಲೇಖನಗಳೂ ಪ್ರಕಟವಾದವು. ಕನ್ನಡದಲ್ಲಿ ಸಣ್ಣ ಕಥೆಯ ಆರಂಭವನ್ನು ಹೇಳುವವರು ಇವರ ಹೆಸರನ್ನು ಬಿಡುವಂತಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದೊಡನೆಯೂ ಅವರಿಗೆ ನಿಕಟವಾದ ಸಂಬಂಧವಿದ್ದಿತು. ಕಿಟ್ಟೆಲ್ ಪಾದ್ರಿಗಳು 1872ರಲ್ಲಿ ಪ್ರಕಟಿಸಿದ್ದ ಕೇಶಿರಾಜನ ಶಬ್ದಮಣಿದರ್ಪಣವನ್ನು ಮುಂದೆ ಪರಿಷ್ಕರಿಸಿ ಕೊಟ್ಟವರು ಮಂಗೇಶರಾಯರೇ. ಜೈನ ವೈಯಾಕರಣನ ಗ್ರಂಥ, ಜರ್ಮನಿಯ ಪಾದ್ರಿಯ ಶ್ರಮ, ಕೊಂಕಣಿ ಮನೆಮಾತಿನ ಪಂಡಿತನ ಪರಿಷ್ಕರಣ: ಕನ್ನಡವು ಎಷ್ಟು ಕೈಗಳಿಂದ ಬೆಳೆದುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಪಂಡಿತರು ಬಳಿಕ ವಿದ್ಯಾ ಇಲಾಖೆಯಲ್ಲಿ ಶಾಲೆಗಳ ತನಿಖೆಯ ಅಧಿಕಾರಿಯಾದರು. ಇನ್‌ಸ್ಪೆಕ್ಟರು ಬರುವರೆಂದರೆ ಉಪಾಧ್ಯಾಯರಿಗೂ ಮಕ್ಕಳಿಗೂ ಎದೆ ನಡುಗುತ್ತಿದ್ದ ಕಾಲವದು. ಮಂಗೇಶರಾಯರಾದರೋ ಮಕ್ಕಳಿಗೆ ಕಥೆ ಹೇಳುವರು, ಹಾಡು ಹೇಳುವರು, ಹಾಡಿಗೆ ತಕ್ಕಂತೆ ಅಭಿನಯಿಸುವರು. ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೆ ಒಪ್ಪುವ ಕನ್ನಡ ಹಾಡುಗಳೂ ಕಥೆಗಳೂ ಎಷ್ಟು ಕಡಮೆಯೆಂಬುದನ್ನು ಕಂಡು, ಅವರು ತಾವೇ ಬರೆಯತೊಡಗಿದರು. ಹಾವಿನ ಹಾಡಿನಲ್ಲಿ ಮಗುವು ಹಾವಿನ ಅಂದಕ್ಕೆ ಮನಸೋತು ಕರೆಯುತ್ತದೆ, ಮತ್ತೆ ವಿಷವನ್ನು ನೆನೆದು ಅದನ್ನು ಹೋಗೆನ್ನುತ್ತದೆ. ತೆಂಕಣ ಗಾಳಿಯಾಟದಲ್ಲಿ ಕಡಲಿನಿಂದ ಎದ್ದ ಗಾಳಿ ಊರನ್ನೆಲ್ಲ ಅಲ್ಲಾಡಿಸುವುದು ಕಿವಿಗೇ ಕೇಳಿಸುತ್ತದೆ. ತಮ್ಮ ಹೆಸರನ್ನು ಮೆರೆಸದೆ, ಕವಿಗಳ ಶಿಷ್ಯನೆಂಬ ಅರ್ಥ ಬರುವ ಕವಿಶಿಷ್ಯ ಎಂಬ ಅಂಕಿತವನ್ನು ಇಟ್ಟುಕೊಂಡುದು ಅವರ ವಿನಯಕ್ಕೆ ಸಾಕ್ಷಿ.

ಮುಂದೆ ಅವರು ಕೊಡಗಿನ ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಕೊಡಗು ಆಗ ಮೈಸೂರಿಗೂ ಮದ್ರಾಸಿಗೂ ಸೇರದೆ ಬೇರೆಯೇ ಒಂದು ಪ್ರಾಂತವಾಗಿದ್ದಿತು. ಕೊಡವ ಮಾತು, ಅರೆಭಾಷೆಯ ಕನ್ನಡ, ತುಳು, ಮಲೆಯಾಳ ಇವೆಲ್ಲ ಆ ಸಣ್ಣ ಸೀಮೆಯಲ್ಲಿ ಕೇಳಿಬರುತ್ತಿದ್ದುವು. ಹೊರಗಿನಿಂದ ಬಂದ ಅಧಿಕಾರಿಯು ಅಲ್ಲಿನವರ ಹಬ್ಬವನ್ನು ದೂರದಿಂದ ನೋಡಿ ಸುಮ್ಮನಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಮಂಗೇಶರಾಯರು ಹಾಗೆ ಮಾಡಲಿಲ್ಲ. ಹುತ್ತರಿಯು ಕೊಡವರ ಸುಗ್ಗಿಯ ಹಬ್ಬ. ಹುಣ್ಣಿಮೆಯ ಹೊತ್ತಿನಲ್ಲಿ ಕುಲದವರೆಲ್ಲರೂ ಹಿರಿಯರ ಮನೆಯಲ್ಲಿ ನೆರೆದು, ರಾತ್ರಿ ಗದ್ದೆಗೆ ಹೋಗಿ, ಕೋವಿ ಹಾರಿಸಿ, ಹೊಸ ಕದಿರನ್ನು ಕೊಯ್ದು ಮನೆ ತುಂಬಿಸುವರು. ಬಳಿಕ ಊರ ಬಯಲಿನಲ್ಲಿ ಕೋಲಾಟವಾಡುವರು. ಈ ಹಬ್ಬವನ್ನು ಕುರಿತು ಅವರು ಕನ್ನಡದಲ್ಲಿ ಬರೆದ ಹುತ್ತರಿ ಹಾಡು ಆ ನಾಡಿನ ಬೆಟ್ಟಗಳನ್ನೂ ಕಾವೇರಿಯನ್ನೂ ವೀರರನ್ನೂ ಮನಸಾರೆ ಕೊಂಡಾಡುತ್ತದೆ. ಕೊಡವರು ಅದನ್ನು ತಮ್ಮದೆಂದೇ ಸ್ವೀಕರಿಸಿದರು. ಅಷ್ಟೇ ಅಲ್ಲ, ಹುತ್ತರಿಯನ್ನು ಎಂದೂ ಕಾಣದ ಕನ್ನಡದ ಮಕ್ಕಳೂ ಶಾಲೆಯ ಪುಸ್ತಕದಲ್ಲಿ ಅದನ್ನು ಓದಿ, ಹಾಡಿ, ಆ ಹಬ್ಬದಲ್ಲಿ ಪಾಲುಗೊಂಡರು.

ನಾವು ಹೇಳಹೊರಟ ಮಾತು ಇಲ್ಲಿಯೇ ಇದೆ. ನೆರೆಯವರ ಹಬ್ಬವನ್ನು ಸಹಿಸಿಕೊಳ್ಳುವುದು ಒಂದು; ಅದರ ಅರ್ಥವನ್ನು ಅರಿತು, ಅದರ ಸಂತೋಷವನ್ನು ತನ್ನ ಬಾಯಿಂದ ಹಾಡುವುದು ಇನ್ನೊಂದು. ಮೊದಲನೆಯದಕ್ಕೆ ಮರ್ಯಾದೆ ಸಾಕು. ಎರಡನೆಯದಕ್ಕೆ ಕಲಿಕೆ ಬೇಕು. ತುಳುವರ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡದ ಬಾಲಕರಿಗೆ ಬರೆದುಕೊಟ್ಟಾಗಲೂ ಮಂಗೇಶರಾಯರು ಮಾಡಿದ್ದು ಇದನ್ನೇ.

ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲವೆಂಬ ಸಂಸ್ಥೆಯನ್ನೂ ಅವರು ಕಟ್ಟಿದರು. 1934ರಲ್ಲಿ, ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಮಕ್ಕಳ ಹಾಡನ್ನು ಬರೆದ ಉಪಾಧ್ಯಾಯರೊಬ್ಬರಿಗೆ ನಾಡು ಸಲ್ಲಿಸಿದ ಗೌರವವಿದು. 1937ನೆಯ ಇಸವಿ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರು ಕಾಲವಾದರು.

ಪ್ರಿಯ ಪೋಷಕರೇ, ನಿಮ್ಮ ಮಗಳು ಉತ್ಸವಕ್ಕೆಂದು ಬೇರೊಂದು ಮನೆಯ ಹಾಡನ್ನು ಕಲಿತು ಬಂದರೆ, ಅದರ ಅರ್ಥವೇನೆಂದು ಅವಳನ್ನು ಕೇಳಿರಿ. ತಿಳಿಯದಿದ್ದರೆ, ಆ ಮನೆಯ ಗೆಳತಿಯನ್ನು ಕೇಳಿ ಬರುವಂತೆ ಹೇಳಿರಿ. ಬಣ್ಣದ ಉಡುಪು ಮರುದಿನ ಪೆಟ್ಟಿಗೆ ಸೇರುವುದು. ಕೇಳಿ ಕಲಿತ ಮಾತು ಜೀವಮಾನವೆಲ್ಲ ಉಳಿಯುವುದು. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನೀವು ಅಂದು ಪಕ್ಕದಲ್ಲಿ ನಿಂತು ಹಾಡಿದ ಗೆಳತಿಯರ ಮನೆಯ ಹಬ್ಬಗಳನ್ನು ಇಂದಿಗೂ ನೆನೆಯುವಿರಾದರೆ, ಆ ಹೊತ್ತು ವ್ಯರ್ಥವಾಗಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.